ಬ್ಯಾಟರಿ ಹೊಸದು, ದೀಪ ಯಾಕೆ ಕೆಂಪು?

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ‘ಮೇಷ್ಟ್ರು’ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಓಡಿಸಿ ಪಳಗಿದ ಕೈ. ಯಾರ ಕಾರು ಕೆಮ್ಮಿದರೂ ಕಾರಣ ಹೇಳುವವನು ಅವನೇ. ವಾರದಲ್ಲಿ ಎರಡು ಬೆಳಿಗ್ಗೆ ಮಾತ್ರ ಅವನು ಬಾಡಿಗೆ ಹಿಡಿಯುತ್ತಿರಲಿಲ್ಲ. ಕಿಡ್ನಿ ಕೈಕೊಟ್ಟಿದ್ದ ಅತ್ತೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು.

ಆ ದಿನ ಹಿಂದಿನ ಸೀಟಿನಲ್ಲಿದ್ದ ಅತ್ತೆ ಮುಂದೆ ಬಾಗಿ ಕೇಳಿದರು: “ಅಳಿಯಂದಿರೇ, ಅದೇನೋ ಕೆಂಪಗೆ ಉರೀತಿದೆಯಲ್ಲ?”

“ಬ್ಯಾಟರಿ ದೀಪ ಅತ್ತೆ. ನಿನ್ನೆ ಮಧ್ಯಾಹ್ನದಿಂದ ಉರೀತಿದೆ. ಹೊಸ ಬ್ಯಾಟರಿ ಹಾಕಿಸಿ ಇನ್ನೂ ತಿಂಗಳಾಗಿಲ್ಲ. ಆ ದೀಪಕ್ಕೇ ತಲೆ ಕೆಟ್ಟಿದೆ, ಬಿಡಿ.”

ಸೆಕೆ ಎಂದು ಎ.ಸಿ. ಜೋರು ಮಾಡಿದ. ಸೇತುವೆ ಏರುವಷ್ಟರಲ್ಲಿ ಗಾಳಿ ಸೊರಗಿತು. ಹಾರ್ನ್ ಒತ್ತಿದರೆ ಗಂಟಲು ಕಟ್ಟಿದ ದನಿ. ಸೇತುವೆಯ ನಟ್ಟನಡುವೆ ಎಂಜಿನ್ ನಿಂತೇ ಹೋಯಿತು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂಬ ಸದ್ದಷ್ಟೇ.

ಹಿಂದಿನ ಗಾಡಿಗಳು ಕೂಗಿಕೊಂಡವು. ಕಾಲು ಊದಿಕೊಂಡಿದ್ದ ಅತ್ತೆಯನ್ನು ತೋಳಿನಲ್ಲಿ ಆನಿಸಿಕೊಂಡು ಪಾದಚಾರಿ ದಾರಿಗೆ ಕರೆತಂದ. ಬಿಸಿಲು ಬೀಳದಂತೆ ತಾನೇ ಅಡ್ಡ ನಿಂತು, ಹೋಗುವ ಬರುವ ಗಾಡಿಗಳಿಗೆಲ್ಲ ಕೈ ಬೀಸಿದ. ಕೊನೆಗೆ ಬ್ರೆಡ್ ಸಾಗಿಸುವ ವ್ಯಾನಿನವನೊಬ್ಬ ನಿಲ್ಲಿಸಿದ.

ಆಸ್ಪತ್ರೆ ಮುಟ್ಟಿದಾಗ ಒಂದೂವರೆ ಗಂಟೆ ತಡವಾಗಿತ್ತು. “ಇವತ್ತು ಪೂರ್ತಿ ಹೊತ್ತು ಮಾಡೋಕಾಗಲ್ಲಣ್ಣ. ಮುಂದಿನವರು ಕಾಯ್ತಿದಾರೆ. ಉಳಿದದ್ದಕ್ಕೆ ನಾಳೆ ಕರ್ಕೊಂಡು ಬನ್ನಿ” ಎಂದಳು ನರ್ಸ್. ಮೈಯಲ್ಲಿ ನೀರು ಉಳಿದು ಸಂಜೆಗೆ ಅತ್ತೆಗೆ ಉಸಿರಾಡುವುದೇ ಕಷ್ಟವಾಯಿತು. ದಿಂಬು ಎತ್ತರಿಸಿ ಒರಗಿಸಿದರು. ಮೇಷ್ಟ್ರು ಹೆಂಡತಿಯ ತಂಗಿಗೆ ಫೋನ್ ಮಾಡಿದ.

ವಿಷಯ ತಿಳಿದು ಮರುದಿನ ಬೆಳಿಗ್ಗೆಯೇ ನಾದಿನಿ ಬಂದಳು. ಅವಳು ಗ್ಯಾರೇಜಿನಲ್ಲಿ ವಾಹನಗಳ ಕರೆಂಟ್ ಕೆಲಸ ಮಾಡುವವಳು. ಮೊದಲು ಅಮ್ಮನನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಹಿಂದಿನ ದಿನ ಸೇತುವೆಯಿಂದ ಎಳೆಸಿ ತಂದಿಟ್ಟಿದ್ದ ಕಾರಿನ ಬಳಿ ಭಾವನ ಜೊತೆ ಹೋಗಿ ಚಾರ್ಜ್ ಇದ್ದ ಬೇರೆ ಬ್ಯಾಟರಿ ಜೋಡಿಸಿದಳು.

ಎಂಜಿನ್ ಶುರುವಾಯಿತು. ದೀಪ ಆರಲಿಲ್ಲ. ಮೇಷ್ಟ್ರು ಬ್ಯಾಟರಿಯ ತಂತಿಗೆ ಕೈ ಹಾಕಿದ. “ಸ್ಟ್ಯಾಂಡಲ್ಲಿ ನಾವು ಹೀಗೇ ಪರೀಕ್ಷೆ ಮಾಡೋದು. ಇದನ್ನ ಬಿಚ್ಚಿ ನೋಡೋಣ, ಎಂಜಿನ್ ನಿಲ್ಲುತ್ತೋ ಇಲ್ವೋ…”

ಅವಳು ಗಬಕ್ಕನೆ ಕೈ ಹಿಡಿದಳು. “ಬೇಡ ಭಾವ! ಓಡೋ ಎಂಜಿನ್ನಲ್ಲಿ ತಂತಿ ಬಿಚ್ಚಿದ್ರೆ ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟೇ ಹೋಗಬಹುದು.”

“ಬ್ಯಾಟರಿ ಹೊಸದು ಕಣಮ್ಮ. ಮತ್ತೇನು ಇದರ ಗೋಳು?”

“ದೀಪ ಬ್ಯಾಟರಿ ಕೆಟ್ಟಿದೆ ಅಂತ ಹೇಳ್ತಿಲ್ಲ. ಬ್ಯಾಟರಿಗೆ ಚಾರ್ಜ್ ಬರ್ತಿಲ್ಲ ಅಂತಿದೆ. ಟ್ಯಾಂಕಿ ಹೊಸದಾದ್ರೂ ನೀರು ತುಂಬೋ ಪಂಪು ನಿಂತ್ರೆ ಎಷ್ಟು ಹೊತ್ತು ಬರುತ್ತೆ?” ಎಂದು ಮೀಟರ್ ಹಿಡಿದಳು. “ನೋಡಿ, ಹನ್ನೆರಡೂವರೆ ವೋಲ್ಟ್, ಇಳೀತಾನೇ ಇದೆ. ಎಂಜಿನ್ ಓಡುವಾಗ ಸುಮಾರು ಹದಿನಾಲ್ಕು ಇರಬೇಕು.”

ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಎಂಜಿನ್ನಿನ ರಬ್ಬರ್ ಬೆಲ್ಟ್ ಒತ್ತಿ ನೋಡಿದಳು. ಸಡಿಲ. ಅಂಚು ನಾರುನಾರಾಗಿತ್ತು.

“ಬೆಳಿಗ್ಗೆ ಶುರು ಮಾಡುವಾಗ ಕೀಚ್ ಅಂತಿತ್ತಾ ಭಾವ?”

ಮೇಷ್ಟ್ರು ತಲೆ ತಗ್ಗಿಸಿದ. “ಒಂದು ವಾರದಿಂದ… ರೇಡಿಯೋ ಜೋರು ಮಾಡ್ಕೋತಿದ್ದೆ.”

ಅವಳು ನಗಲಿಲ್ಲ. “ಎಲ್ಲರೂ ಮಾಡೋದೇ ಭಾವ. ಕರೆಂಟ್ ಹುಟ್ಟಿಸೋ ಆಲ್ಟರ್ನೇಟರ್ ತಿರುಗೋದು ಈ ಬೆಲ್ಟಿನಿಂದ. ಕೆಲವು ಕಾರಲ್ಲಿ ಎಂಜಿನ್ ತಣ್ಣಗಿಡೋ ನೀರಿನ ಪಂಪೂ ಇದರಿಂದಲೇ. ಇದು ಹರಿದ್ರೆ ಎಂಜಿನ್ನೇ ಕಾದು ಹಾಳಾಗುತ್ತೆ.”

ಹೊಸ ಬೆಲ್ಟ್ ಬಿಗಿದ ಮೇಲೆ ಮೀಟರ್ ಹದಿನಾಲ್ಕು ದಾಟಿತು. ದೀಪ ಆರಿತು.

ಮಧ್ಯಾಹ್ನ ಅತ್ತೆಯನ್ನು ಮನೆಗೆ ಕರೆತರುವಾಗ ಮೇಷ್ಟ್ರು ಮೆಲ್ಲಗೆ ಹೇಳಿದ: “ತಪ್ಪು ನನ್ನದು ಅತ್ತೆ. ನೀವು ಕೇಳಿದಾಗಲೇ ನಾನು ನಿಲ್ಲಿಸಬೇಕಿತ್ತು.”

“ಗೊತ್ತಾಯ್ತಲ್ಲ, ಸಾಕು. ಈಗ ಹೋಗಿ ನಿಮ್ಮ ಸ್ಟ್ಯಾಂಡಲ್ಲೂ ಹೇಳಿ” ಎಂದರು ಅತ್ತೆ.

ಅವನು ಹೇಳಿದ. ರೇಡಿಯೋ ಜೋರು ಮಾಡಿದ್ದನ್ನೂ ಮುಚ್ಚಿಡಲಿಲ್ಲ.

ವಾಹನ ಓಡಿಸುವ ಅಕ್ಕ ಅಣ್ಣಂದಿರೇ, ಕೀಲಿ ತಿರುಗಿಸಿದಾಗ ಬ್ಯಾಟರಿ ದೀಪ ಹೊತ್ತಬೇಕು, ಎಂಜಿನ್ ಶುರುವಾದೊಡನೆ ಆರಬೇಕು. ದಾರಿಯಲ್ಲಿ ಹೊತ್ತಿಕೊಂಡರೆ ಎ.ಸಿ., ರೇಡಿಯೋ ಆರಿಸಿ, ಹತ್ತಿರದ ಗ್ಯಾರೇಜಿಗೆ ನೇರ ಹೋಗಿ. ಎಂಜಿನ್ ಬಿಸಿ ಏರುತ್ತಿದ್ದರೆ ಅಥವಾ ಸ್ಟಿಯರಿಂಗ್ ಬಿಗಿಯಾದರೆ ಬೆಲ್ಟ್ ಹರಿದಿರಬಹುದು, ಮುಂದೆ ಹೋಗಲೇಬೇಡಿ. ಸುರಕ್ಷಿತ ಜಾಗದಲ್ಲಿ ಕೂಡಲೇ ನಿಲ್ಲಿಸಿ. ನಿಮ್ಮನ್ನೇ ನಂಬಿ ಹಿಂದಿನ ಸೀಟಿನಲ್ಲಿ ಒಬ್ಬರು ಕುಳಿತಿರುತ್ತಾರೆ.