ಹಿರಿಯರು ಕೊಟ್ಟ ರೈಫಲ್

ಸೂಫಿಯಾ ಕಲಿತದ್ದೆಲ್ಲ ಸಂಜೆಯ ಮೇಲೆಯೇ. ಮಂಗಳೂರಿನಲ್ಲಿದ್ದಾಗ ಹಗಲೆಲ್ಲ ಬಟ್ಟೆ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ಕೂತು, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದ್ದಳು. ಅಬುಧಾಬಿಗೆ ಬಂದ ಮೇಲೆ ಅರಬ್ಬಿ ಅಕ್ಷರ, ಕಂಪ್ಯೂಟರು, ಕೊನೆಗೆ ಕಾರು ಓಡಿಸುವುದು, ಎಲ್ಲವನ್ನೂ ಆಫೀಸಿನಿಂದ ಬಂದು ಚಹಾ ಕುಡಿದ ನಂತರವೇ ಕಲಿತಳು. ಹಾಗೆ ಕಲಿತವರಿಗೆ ಒಂದು ಅಳುಕು ಅಂಟಿಕೊಂಡುಬಿಡುತ್ತದೆ. ಹಗಲಿನಲ್ಲಿ ಕಲಿತವರಿಗೆ ಗೊತ್ತಿರುವ ಯಾವುದೋ ಒಂದು ಪಾಠ ತನಗೆ ಮಾತ್ರ ಬಿಟ್ಟುಹೋಗಿದೆ ಎಂದು. ಅದಕ್ಕೇ ಅವಳು ಎಲ್ಲಿ ಹೋದರೂ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡುತ್ತಿದ್ದಳು, ಮಾಡಿದ ಮೇಲೂ ಸರಿಯಾಯಿತೋ ಇಲ್ಲವೋ ಎಂದು ಮೂರು ಮಂದಿಯನ್ನು ಕೇಳುತ್ತಿದ್ದಳು.

ಇಂಥ ಸೂಫಿಯಾಳ ತಲೆಯ ಮೇಲೆ ಈ ವರ್ಷ ಒಂದು ರೈಫಲ್ ಬಂದು ಕೂತಿತು.

ರೈಫಲ್ ಅವಳದ್ದಲ್ಲ, ಮಗಳು ಸಮೀಹಾಳದ್ದು. ಮಗಳದ್ದೂ ಅಲ್ಲ, ಕ್ಲಬ್ಬಿನದ್ದು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಅವರ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಮರಳಿನ ಬಯಲಿನ ಅಂಚಿಗೆ ಒಂದು ಶೂಟಿಂಗ್ ಕ್ಲಬ್ಬಿದೆ. ಅಲ್ಲಿ ಶನಿವಾರ ಸಂಜೆ ಎಳೆಯ ಬೇಟೆಗಾರರ ತರಗತಿ ನಡೆಯುತ್ತದೆ. ಹೆಸರಿಗೆ ಬೇಟೆ, ಅಲ್ಲಿ ಯಾರೂ ಏನನ್ನೂ ಕೊಲ್ಲುವುದಿಲ್ಲ. ಗಿಡುಗವನ್ನು ಕೈಮೇಲೆ ಕೂರಿಸುವುದು ಹೇಗೆ, ಮರಳಿನ ಮೇಲಿನ ಹೆಜ್ಜೆಗುರುತು ಯಾವ ಪ್ರಾಣಿಯದ್ದು, ಯಾವ ಹಕ್ಕಿಯನ್ನು ಮುಟ್ಟಿದರೂ ಅಪರಾಧ, ಇವೆಲ್ಲ ಕಲಿಸಿ, ಕೊನೆಯಲ್ಲಿ ಕಾಗದದ ಗುರಿಗೆ ಏರ್ ರೈಫಲ್ ಹೊಡೆಸುತ್ತಾರೆ. ಒಂಬತ್ತನೇ ಕ್ಲಾಸಿನ ಸಮೀಹಾ ಆ ಕೊನೆಯ ಭಾಗಕ್ಕೆ ಮನಸೋತಿದ್ದಳು. ಮನೆಯಲ್ಲಿ ಒಂದು ಲೋಟ ನೆಟ್ಟಗೆ ಇಡಲಾರದ ಹುಡುಗಿ, ರೈಫಲ್ ಹಿಡಿದರೆ ಕಂಬದ ಹಾಗೆ ನಿಲ್ಲುತ್ತಾಳೆ ಎಂದು ಅಲ್ಲಿಯವರು ಹೇಳಿದಾಗ ಸೂಫಿಯಾ ನಂಬಿರಲಿಲ್ಲ.

ಮೊದಲೆಲ್ಲ ಮಗಳನ್ನು ಗೇಟಿನಲ್ಲಿ ಇಳಿಸಿ, ಮುಗಿದ ಮೇಲೆ ಹತ್ತಿಸಿಕೊಂಡು ಬಂದರೆ ಆಗುತ್ತಿತ್ತು. ಈ ಸಲ ಕ್ಲಬ್ಬಿನವರು ನಿಯಮ ಬದಲಿಸಿದರು. ಹದಿನೆಂಟು ತುಂಬದವರು ರೈಫಲ್ ಮುಟ್ಟಬೇಕಾದರೆ ತಂದೆಯೋ ತಾಯಿಯೋ ಅದೇ ಸುರಕ್ಷತಾ ಪಾಠ ಕಲಿತು, ಪರೀಕ್ಷೆ ಪಾಸಾಗಿ, ಗುರಿ ಹೊಡೆಯುವಷ್ಟು ಹೊತ್ತೂ ಮಗುವಿನ ಪಕ್ಕದಲ್ಲೇ ನಿಲ್ಲಬೇಕು. ತಂದೆ ರಮೀಝ್ ಸಮುದ್ರದ ನಡುವಿನ ಎಣ್ಣೆ ಬಾವಿಯಲ್ಲಿ ಕೆಲಸಕ್ಕಿದ್ದ. ಅವನು ರಜೆಗೆ ಬರುವಷ್ಟರಲ್ಲಿ ಸ್ಪರ್ಧೆಗೆ ಹೋಗುವ ಮಕ್ಕಳ ತಂಡದ ಆಯ್ಕೆಯೇ ಮುಗಿದಿರುತ್ತಿತ್ತು.

"ಉಮ್ಮ, ಪ್ಲೀಸ್. ಯೂ ಹ್ಯಾವ್ ಟು ಡೂ ಇಟ್," ಎಂದಳು ಸಮೀಹಾ.

"ನನಗೆ ಪಟಾಕಿ ಕಂಡರೇ ಎದೆ ಡವಡವ ಅಂತದೆ, ಮಾರಾಯ್ತಿ. ನಾನೆಂತ ಬಂದೂಕು ಪರೀಕ್ಷೆ ಕಟ್ಟುವುದು?"

"ಯೂ ಲೈಕ್ ಎಕ್ಸಾಮ್ಸ್!"

ಅದು ಸುಳ್ಳಲ್ಲ. ಸೂಫಿಯಾ ಸೇರಿದಳು.

ಪಾಠ ಹೇಳುವವರು ಅಬು ಸೈಫ್ ಎಂಬ ಹಿರಿಯ ಎಮಿರಾತಿ. ಬೆಳ್ಳನೆಯ ಗಡ್ಡ, ನೆಟ್ಟ ಬೆನ್ನು, ಮೆಲುಮಾತು. ಹಿಂದಿ, ಇಂಗ್ಲಿಷ್, ಅರಬ್ಬಿ ಮೂರನ್ನೂ ಕಲಸಿ ಮಾತಾಡುತ್ತಿದ್ದರು, ಆದರೂ ಒಂದಕ್ಷರ ತಪ್ಪದೆ ಅರ್ಥವಾಗುತ್ತಿತ್ತು. ನಳಿಗೆ ಯಾವಾಗಲೂ ಗುರಿಯ ಕಡೆಗೇ. ಹೊಡೆಯುವ ಗಳಿಗೆ ಬರುವವರೆಗೆ ಬೆರಳು ಟ್ರಿಗರಿನಿಂದ ಹೊರಗೆ. ಗುರಿಯ ಹಿಂದೆ ಏನಿದೆ ಎಂದು ತಿಳಿದಿರಬೇಕು. ರೈಫಲ್ ಕೈ ಬದಲಾಗುವಾಗಲೆಲ್ಲ ಕೊಡುವವನು ಗುಂಡಿನ ಗೂಡನ್ನು ಮುಚ್ಚುವ ಬೋಲ್ಟ್ ತೆರೆದು ಒಳಗೆ ಖಾಲಿ ಎಂದು ತೋರಿಸಬೇಕು, ತೋರಿಸದಿದ್ದರೆ ತೆಗೆದುಕೊಳ್ಳುವವನು ಕೈ ನೀಡಬಾರದು. ಸೂಫಿಯಾ ಇದನ್ನು ಮೀನು ತೊಳೆಯುವಾಗ ಹೇಳಿಕೊಂಡಳು, ಆಫೀಸಿನ ಲಿಫ್ಟಿನಲ್ಲಿ ಹೇಳಿಕೊಂಡಳು. ಬರೆಯುವ ಪರೀಕ್ಷೆಯಲ್ಲಿ ಒಂದೂ ತಪ್ಪಲಿಲ್ಲ. ಪಕ್ಕದಲ್ಲಿದ್ದ ದೊಡ್ಡ ಕಂಪೆನಿಯ ಮ್ಯಾನೇಜರನೊಬ್ಬ ಅವಳಿಂದ ಉತ್ತರ ಕದಿಯಲು ನೋಡಿದಾಗ ಹೆದರಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು.

ಆಮೇಲೆ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ. ಅವಳ ಸರದಿ ಬಂದಾಗ ಅಬು ಸೈಫ್ ಎದ್ದು ಬಂದರು. ಮೊಗದ ತುಂಬ ನಗು. "ತಗೊಳ್ಳಮ್ಮ," ಎಂದು ರೈಫಲನ್ನು ಅವಳತ್ತ ನೀಡಿದರು.

ಸೂಫಿಯಾ ಸೆರಗು ಸರಿಮಾಡಿಕೊಂಡು, ಚೂರು ಬಗ್ಗಿ, ಎರಡೂ ಕೈ ಒಡ್ಡಿ ತೆಗೆದುಕೊಂಡಳು. ತೆಗೆದುಕೊಂಡು, "ಶುಕ್ರನ್," ಎಂದು ಉಪಕಾರವನ್ನೂ ಹೇಳಿದಳು.

"ಖಲಾಸ್," ಎಂದರು ಅಬು ಸೈಫ್ ಬೇಸರದಲ್ಲಿ. "ಬೋಲ್ಟ್ ಮುಚ್ಚಿತ್ತು."

ಮುಚ್ಚಿತ್ತು. ಅವಳು ಕಂಡೂ ಇದ್ದಳು. ಆದರೆ ಅವಳು ಬೆಳೆದ ಮನೆಯಲ್ಲಿ ಹಿರಿಯರು ಕೈ ನೀಡಿದರೆ ಎರಡು ಕೈಯೊಡ್ಡಿ ಪಡೆಯುವುದು ರೂಢಿ. ಕೊಟ್ಟದ್ದನ್ನು ಅವರೆದುರು ತೆರೆದು ನೋಡಿದರೆ ಮರ್ಯಾದೆಗೇಡು. ಹಬ್ಬದ ದಿನ ದೊಡ್ಡಪ್ಪ ಕೊಟ್ಟ ಲಕೋಟೆಯನ್ನು ಒಮ್ಮೆ ಅಲ್ಲೇ ಬಿಚ್ಚಿದ್ದಕ್ಕೆ ಉಮ್ಮ ತೊಡೆಗೆ ಚಿವುಟಿದ್ದು ಚರ್ಮಕ್ಕೇ ನೆನಪಿತ್ತು. ತಲೆ ಪಾಠ ಕಲಿತಿದ್ದರೂ ಕೈ ತನ್ನ ಹಳೆಯ ಪಾಠವನ್ನೇ ಒಪ್ಪಿಸಿತ್ತು.

ಕಾರಿನಲ್ಲಿ ಸಮೀಹಾ ಕಿಟಕಿಯ ಕಡೆ ತಿರುಗಿ ಕೂತಳು. "ನಿಮಗೆ ರೂಲ್ ಗೊತ್ತಿತ್ತು, ಉಮ್ಮ."

"ಗೊತ್ತಿತ್ತು. ಅಷ್ಟು ಪ್ರಾಯದವರು ನೀಡಿದ್ದನ್ನು ಬೇಡ ಅಂತ ಹೇಳುವುದು ಹೇಗೆ?"

"ಇನ್ನು ಒಂದೇ ಚಾನ್ಸ್. ಇಫ್ ಯೂ ಫೇಲ್, ಐ ಆಮ್ ಔಟ್."

ಊರಿನಲ್ಲಿದ್ದ ತನ್ನ ತಂದೆ, ಉಪ್ಪ ಅಲಿಯಬ್ಬರಿಗೆ ಸೂಫಿಯಾ ಮರುದಿನ ಫೋನು ಮಾಡಿದಳು. ಅವರ ಬಳಿ ಹಂದಿ ಓಡಿಸಲೆಂದು ಪರವಾನಗಿ ಇರುವ ಹಳೆಯ ತೋಟೆ ಕೋವಿಯೊಂದಿತ್ತು. ಸಣ್ಣವಳಿದ್ದಾಗ ಅದು ತೂಗುಹಾಕಿದ್ದ ಗೋಡೆಯ ಹತ್ತಿರ ಸುಳಿಯುವುದಕ್ಕೂ ಅವಳಿಗೆ ಅಪ್ಪಣೆ ಇರಲಿಲ್ಲ. ತಾವು ಕಲಿಸಿದ ನಡವಳಿಕೆಯಿಂದಲೇ ಮಗಳು ಫೇಲಾದಳೆಂದು ಕೇಳಿ ಅವರಿಗೆ ನೋವಾದೀತೆಂದು ಹೆದರಿ, ಸುತ್ತಿ ಬಳಸಿ ಹೇಳಿದಳು. ಅಲಿಯಬ್ಬ ಕೆಮ್ಮು ಬರುವಷ್ಟು ನಕ್ಕರು.

"ಅಲ್ಲ ಮಗಳೇ, ಚುನಾವಣೆ ಬಂತೂಂದ್ರೆ ನಾನು ಕೋವಿಯನ್ನು ಠಾಣೆಗೆ ಒಪ್ಪಿಸಿ ಬರ್ತೇನಲ್ಲ? ಹಿಂದೆ ಕೊಡುವಾಗ ಎಸ್ಸೈ ಸಾಹೇಬರೇ ಕೈಯಾರೆ ಕೊಡ್ತಾರೆ. ನಾನು ಅವರೆದುರೇ ನಳಿಗೆ ಬಗ್ಗಿಸಿ ತೆರೆದು, ಒಳಗೆ ಬೆಳಕು ಕಾಣ್ತದಾ ಅಂತ ನೋಡಿಯೇ ತಕ್ಕೊಳ್ಳುವುದು. ಸಾಹೇಬರು ಸಿಟ್ಟಾಗುವುದಿಲ್ಲ. 'ನೋಡಿ ಬ್ಯಾರಿಗಳೇ, ಚೆಂದ ಮಾಡಿ ನೋಡಿ' ಅಂತಾರೆ."

"ನೀವು ನನಗೆ ಅದನ್ನು ಹೇಳಿಯೇ ಇಲ್ಲ, ಉಪ್ಪ."

"ನಿನ್ನನ್ನು ಆ ಗೋಡೆ ಹತ್ತಿರ ಬಿಟ್ಟದ್ದುಂಟಾ, ಹೇಳ್ಲಿಕ್ಕೆ? ಈಗಿನ ಕಾನೂನೇ ಒಳ್ಳೆಯದು ಬಿಡು. ಹುಡುಗಿಯರಿಗೂ ಕಲಿಸ್ತಾರೆ, ಹುಡುಗಿಯರ ಉಮ್ಮಂದಿರಿಗೂ ಕಲಿಸ್ತಾರೆ."

ಅಂದಿನಿಂದ ಮನೆಯಲ್ಲಿ ಸಮೀಹಾಳ ಕಾನೂನು ಜಾರಿಗೆ ಬಂತು. ಯಾರು ಏನು ಕೊಟ್ಟರೂ ಉಮ್ಮ "ತೆರೆದು ತೋರಿಸಿ" ಎನ್ನಬೇಕು, ನೋಡಬೇಕು, ಆಮೇಲೆ ಕೈ ನೀಡಬೇಕು. ಮೊದಲನೆಯ ಸಂಜೆಯೇ ಅದೇ ವಿಲ್ಲಾದ ಪಕ್ಕದ ಭಾಗದಲ್ಲಿದ್ದ ಮೈಸೂರಿನ ಚಾಮುಂಡೇಶ್ವರಿ ಒಂದು ಸ್ಟೀಲ್ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಸೂಫಿಯಾಗಿಂತ ಹತ್ತು ಹದಿನೈದು ವರ್ಷ ದೊಡ್ಡವರು, ಮಾತಿಗೆ ನಿಂತರೆ ಗಡಿಯಾರ ನೋಡದವರು. ಸೂಫಿಯಾಳ ಎರಡೂ ಕೈ ತಾವಾಗಿ ಮುಂದೆ ಹೋದವು. ಹಿಂದಿನಿಂದ ಸಮೀಹಾ ಕೆಮ್ಮಿದಳು. ಸೂಫಿಯಾ ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಳೆದುಕೊಂಡಳು.

"ಚಾಮುಂಡಕ್ಕ, ಬೇಜಾರು ಮಾಡ್ಬೇಡಿ. ಸ್ವಲ್ಪ ತೆರೆದು ತೋರಿಸ್ತೀರಾ?"

"ಏನ್ರೀ ಇದು? ಬಿಸಿಬೇಳೆಬಾತ್ ಕಣ್ರೀ, ಬಾಂಬ್ ಅಲ್ಲ!"

ವಿಷಯ ತಿಳಿದ ಮೇಲೆ ಅವರು ಸೋಫಾದ ಮೇಲೆ ಕುಸಿದು ನಕ್ಕರು. "ಅಲ್ಲಾ, ಕೊಟ್ಟಿದ್ದನ್ನ ಮುಚ್ಚಳ ತೆಗೆದು ನೋಡಿ ತಗೊಳ್ಳೋರು ನಮ್ಮ ಬೀಗಿತ್ತಿ ಒಬ್ಬಳೇ ಅಂದ್ಕೊಂಡಿದ್ದೆ. ಅವಳನ್ನ ನಿಮ್ಮ ಕ್ಲಬ್ಬಿಗೆ ಸೇರಿಸ್ಬೇಕು, ಫಸ್ಟ್ ಕ್ಲಾಸಲ್ಲಿ ಪಾಸಾಗ್ತಾಳೆ!" ಆದರೂ ಅವರಿಗೆ ಈ ಆಟ ಹಿಡಿಸಿತು. ವಾರವೆಲ್ಲ ಏನಾದರೊಂದು ಮುಚ್ಚಿದ ಡಬ್ಬಿ ತಂದರು. ಸೂಫಿಯಾ ಮೊದಮೊದಲು ಕ್ಷಮೆ ಕೇಳಿಕೊಂಡು ಹೇಳುತ್ತಿದ್ದವಳು, ಬರಬರುತ್ತ ಕ್ಷಮೆಯನ್ನು ಬಿಟ್ಟಳು. ಗುರುವಾರದ ಹೊತ್ತಿಗೆ ಆಫೀಸಿನ ಮ್ಯಾನೇಜರ್ ಫೈಲು ನೀಡಿದಾಗಲೂ "ತೆರೆದು ತೋರಿಸಿ" ಎಂದು, ಆಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ತೆರೆದು ತೋರಿಸಿದ.

ಶನಿವಾರ ಸಂಜೆ ಗಾಳಿ ತಂಪಾಗಿತ್ತು. ಅಬು ಸೈಫ್ ಅದೇ ನಗುವಿನೊಂದಿಗೆ ಬಂದು, ಅದೇ ರೈಫಲನ್ನು ನೀಡಿದರು. ಸೂಫಿಯಾ ಕೈಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಹೆಣೆದುಕೊಂಡಿದ್ದಳು, ಅವುಗಳ ಮೇಲೆ ಅವಳಿಗಿನ್ನೂ ಭರವಸೆಯಿರಲಿಲ್ಲ.

"ಅಬು ಸೈಫ್, ಬೋಲ್ಟ್ ತೆರೆದು ತೋರಿಸಿ," ಎಂದಳು.

ಅವರು ತೆರೆದರು. ಅವಳು ನೋಡಿದಳು. ಖಾಲಿ. ತೆಗೆದುಕೊಂಡಳು.

"ಮಾಶಾ ಅಲ್ಲಾಹ್," ಎಂದರು ಅವರು. "ಇನ್ನು ಮಗಳ ಜೊತೆ."

ಪರೀಕ್ಷೆಯ ಕೊನೆಯ ಭಾಗ ಅದು. ಸಮೀಹಾ ಪೆಲೆಟ್ ಗುಂಡು ಇಲ್ಲದೆಯೇ ನಿಂತು ಗುರಿ ಹಿಡಿದು ತೋರಿಸಿ, ರೈಫಲನ್ನು ತಾಯಿಗೆ ಒಪ್ಪಿಸಬೇಕು. ಸೂಫಿಯಾ ಬೋಲ್ಟ್ ತೆರೆದು ತೋರಿಸಿ ಅದನ್ನು ಮಗಳಿಗೆ ಕೊಟ್ಟಳು. ಅಷ್ಟು ವಾರಗಳ ನಂತರ ರೈಫಲ್ ಕೈಗೆ ಸಿಕ್ಕಿತ್ತು, ಹುಡುಗಿಯ ಕಣ್ಣು ಮಿಂಚುತ್ತಿತ್ತು. ಹಿಡಿದದ್ದು ಚೆನ್ನ, ನಿಂತದ್ದು ಚೆನ್ನ. ಸೂಫಿಯಾ ಮೊದಲ ಸಲ ಕಂಡಳು, ನಿಜವಾಗಿ ಕಂಬದ ಹಾಗೆಯೇ. ಅಷ್ಟರಲ್ಲಿ ಆಚೆಯ ಸಾಲಿನಲ್ಲಿ ಯಾರೋ ಕರೆದರು, ಅಬು ಸೈಫ್ ಅತ್ತ ತಿರುಗಿದರು. ಸಮೀಹಾ ನಗುತ್ತ ತಿರುಗಿ ರೈಫಲನ್ನು ತಾಯಿಯತ್ತ ನೀಡಿದಳು.

ಬೋಲ್ಟ್ ಮುಚ್ಚಿತ್ತು.

ಅಬು ಸೈಫರ ಬೆನ್ನು ಇತ್ತ ಇತ್ತು. ಒಳಗೆ ಪೆಲೆಟ್ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ತೆಗೆದುಕೊಂಡು ಹೆಬ್ಬೆರಳಿನಲ್ಲಿ ಸರಕ್ಕೆಂದು ತೆರೆದುಬಿಟ್ಟರೆ ಯಾರಿಗೂ ತಿಳಿಯದು, ಮಗಳು ತಂಡದಲ್ಲಿ. ಇಲ್ಲವೆಂದರೆ, ತಾಯಿಯೇ ಬಾಯಿ ತೆರೆದು ಮಗಳನ್ನು ಫೇಲು ಮಾಡಿದ ಹಾಗೆ. ಮಗಳಿಗೂ ಆಗ ತನ್ನ ತಪ್ಪು ಹೊಳೆಯಿತು. ಮುಖದ ನಗು ಇಳಿದುಹೋಯಿತು.

"ಉಮ್ಮ," ಎಂದು ಪಿಸುಗುಟ್ಟಿದಳು, "ಇಟ್ಸ್ ಎಂಪ್ಟಿ. ಜಸ್ಟ್ ಟೇಕ್ ಇಟ್."

ವಾರವಿಡೀ ಡಬ್ಬಿಗಳೆದುರು ಹಿಂದೆಳೆದ ಕೈಗಳನ್ನು ಈಗ ಹಿಂದೆಳೆಯಬೇಕಾಗಲಿಲ್ಲ. ಅವು ಮುಂದೆ ಬಂದಿರಲೇ ಇಲ್ಲ. ಅಬು ಸೈಫರಿಗೆ ಬೇಡ ಎನ್ನುವುದಕ್ಕಿಂತ ಮಗಳಿಗೆ ಬೇಡ ಎನ್ನುವುದು ಕಷ್ಟವೆಂದು ಮಾತ್ರ ಅವಳಿಗೆ ಆಶ್ಚರ್ಯವಾಯಿತು.

"ತೆರೆದು ತೋರಿಸು," ಎಂದಳು. ಅಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಹೇಳಿದಳು.

ಅಬು ಸೈಫ್ ತಿರುಗಿದರು. ನಳಿಗೆಯನ್ನು ಗುರಿಯ ಕಡೆ ಮಾಡಿ, ಬೋಲ್ಟ್ ತೆರೆದು, ತಲೆ ತಗ್ಗಿಸಿ ನಿಂತ ಹುಡುಗಿಯನ್ನು ನೋಡಿದರು.

"ಮಗಳು ಇವತ್ತು ಹೊಡೆಯುವುದಿಲ್ಲ," ಎಂದರು. "ಮುಂದಿನ ಶನಿವಾರ ಹೊಡೆಯುತ್ತಾಳೆ. ತಾಯಿ ಪಾಸು."

"ಹಾಗಾದರೆ ತಂಡ?" ಸೂಫಿಯಾಳ ಮಾತು ತೊದಲಿತು. "ಅವಳು ಫೇಲಲ್ಲವಾ?"

"ಮಕ್ಕಳು ಮರೆಯುತ್ತಾರೆ, ಅಮ್ಮ. ಮರೆಯದಿದ್ದರೆ ನಿಮ್ಮನ್ನು ಯಾಕೆ ಕರೆಸುತ್ತಿದ್ದೆವು? ತಾಯಿ ಸುಮ್ಮನೆ ತೆಗೆದುಕೊಂಡಿದ್ದರೆ ಇಬ್ಬರೂ ಮನೆಗೆ. ಆಯ್ಕೆ ಅದರ ಮುಂದಿನ ವಾರ, ಮಾಫಿ ಮುಶ್ಕಿಲ್, ತೊಂದರೆಯಿಲ್ಲ." ಮೇಜಿನ ಮೇಲಿದ್ದ ಪೆಲೆಟ್ಟಿನ ತಗಡಿನ ಡಬ್ಬಿಯನ್ನು ತಾವಾಗಿ ತೆರೆದು ಅವಳ ಮುಂದಿಟ್ಟರು. "ಯಲ್ಲಾ, ಇವತ್ತಿನ ಜಾಗ ಖಾಲಿ ಬಿಡುವುದು ಬೇಡ. ನೀವು ಹೊಡೆಯಿರಿ."

ಸೂಫಿಯಾ ಬೇಡವೆಂದಳು, ಕೈ ನಡುಗುತ್ತದೆಂದಳು, ಕಣ್ಣು ಸರಿಯಿಲ್ಲವೆಂದಳು. ಕೊನೆಗೆ ಹೊಡೆದಳು. ಮೊದಲನೆಯದು ಪಕ್ಕದವನ ಕಾಗದಕ್ಕೆ ಬಿತ್ತು. ಎರಡನೆಯದು ಎಲ್ಲಿ ಬಿತ್ತೋ ಅಲ್ಲಾಹನಿಗೇ ಗೊತ್ತು. ಮುಖ ಊದಿಸಿಕೊಂಡು ಹಿಂದೆ ನಿಂತಿದ್ದ ಸಮೀಹಾಳಿಗೆ ಅಷ್ಟು ಹೊತ್ತಿಗೆ ತಡೆಯಲಾಗಲಿಲ್ಲ.

"ಉಮ್ಮ, ಎಲ್ಬೋ! ಉಸಿರು ಬಿಡಿ! ಯೂ ಆರ್ ನಾಟ್ ಕಿಲ್ಲಿಂಗ್ ಎ ಕಾಕ್‌ರೋಚ್!"

"ಬಾಯಿ ಮುಚ್ಚು, ಪೋರಿ."

ಮೂರನೆಯದು ತನ್ನದೇ ಕಾಗದದ ಅಂಚಿಗೆ ತಾಗಿತು. ತಾಯಿ ಮಗಳು ಒಟ್ಟಿಗೆ ಕಿರುಚಿದ ಅಬ್ಬರಕ್ಕೆ ಆಚೆಯ ಸಾಲಿನವರು ತಿರುಗಿ ನೋಡಿದರು.

ಮನೆಗೆ ಹೊರಟಾಗ ಸಮೀಹಾ ಕಾರಿನಲ್ಲಿ ಕೇಳಿದಳು, "ನಿಜ ಹೇಳಿ. ನಾನು ಫೇಲಾಗಿ ಟೀಮ್ ಹೋಗಿದ್ರೆ?"

"ಹೋಗ್ತಿತ್ತು."

"ಯೂ ವುಡ್ ಹ್ಯಾವ್ ಕ್ರೈಡ್."

"ಅಳ್ತಿದ್ದೆ. ನೀನು ಮಲಗಿದ ಮೇಲೆ."

ಮುಂದಿನ ಶನಿವಾರ ಸಮೀಹಾ ರೈಫಲನ್ನು ಒಪ್ಪಿಸುವ ಮೊದಲು ದಂತವೈದ್ಯನೆದುರು ಬಾಯಿ ತೆರೆದವಳಂತೆ ಬೋಲ್ಟನ್ನು ಅಗಲಕ್ಕೆ ತೆರೆದು ಹಿಡಿದಳು. ಸೂಫಿಯಾ ಬಗ್ಗಿ ನೋಡಿದಳು. ನೋಡಿದ್ದು ಸಾಲದೆಂದು ಇನ್ನೊಮ್ಮೆ ನೋಡಿದಳು. "ಹ್ಞೂ," ಎಂದಳು. ಅಬು ಸೈಫ್ ತಲೆದೂಗಿ, ಪೆಲೆಟ್ ಹಾಕಲು ಹೇಳಿದರು. ಹುಡುಗಿ ತನ್ನ ಗೆರೆಯ ಮೇಲೆ ಹೋಗಿ ನಿಂತಳು. ಮೊದಲ ಹೊಡೆತಕ್ಕೆ ಸುತ್ತಲಿದ್ದವರೆಲ್ಲ ದೂರದ ಕಾಗದದ ಕಡೆ ಕತ್ತು ಚಾಚಿದರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಸೂಫಿಯಾ ಮಾತ್ರ ಕಾಗದ ನೋಡಲಿಲ್ಲ. ಅವಳು ಮಗಳ ಬೆರಳನ್ನು ನೋಡುತ್ತಿದ್ದಳು. ಹೊಡೆದಾದ ಕೂಡಲೇ ಅದು ಟ್ರಿಗರಿನಿಂದ ಆಚೆ ಬಂದು ನೆಟ್ಟಗೆ ನಿಂತಿತ್ತು.