ಮಾತಿಗೆ ಹೆಸರಿಡುವ ಮೇಷ್ಟ್ರು

ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಮಹದೇವಸ್ವಾಮಿ ಮೇಷ್ಟ್ರ ತೋರುಬೆರಳು ತಾನಾಗಿ ಮೇಲೇಳುತ್ತದೆ, ಬಾಯಲ್ಲಿ ಇಂಗ್ಲಿಷ್ ಅಲಂಕಾರವೊಂದರ ಹೆಸರು ಉದುರುತ್ತದೆ. ಆಟೋದವನು ‘ನಿಂತೂ ನಿಂತೂ ಕಾಲಿಗೆ ಬೇರು ಬುಟ್ಬುಡ್ತು ಸಾರ್’ ಅಂದರೆ ‘ಹೈಪರ್ಬೊಲಿ’, ಅತಿಶಯೋಕ್ತಿ. ಪಕ್ಕದ ಮನೆಯ ಯಜಮಾನರು ತೀರಿಕೊಂಡಾಗ ಮಗ ‘ಅಪ್ಪ ನಮ್ಮನ್ನ ಬಿಟ್ಟು ಹೊರಟೋದ್ರು’ ಎಂದು ಅತ್ತರೆ, ಕಹಿಯನ್ನು ಮೆತ್ತಗೆ ಹೇಳಿದ್ದಕ್ಕೆ ಮೊದಲು ಮೆಲ್ಲಗೆ ‘ಯೂಫಮಿಸಂ’ ಅಂದು, ಆಮೇಲೆ ಬೆನ್ನು ಸವರಿದ ಪುಣ್ಯಾತ್ಮ.

ನಿವೃತ್ತರಾದ ಮೇಲೆ ಜಯಲಕ್ಷ್ಮಿಪುರಂನ ಮನೆಯ ಹಜಾರದಲ್ಲೇ ಅವರ ಇಂಗ್ಲಿಷ್ ಟ್ಯೂಷನ್. ಬಿರುಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು, ತೋಳಿನ ತುಂಬ ಸೀಮೆಸುಣ್ಣದ ವಿಭೂತಿ, ಎರಡು ಹೆಜ್ಜೆಗೊಮ್ಮೆ ಅಲ್ಪವಿರಾಮ ಹಾಕಿದಂತೆ ನಿಲ್ಲುವ ನಡಿಗೆ. ಪಠ್ಯಪುಸ್ತಕದ ಹಳಸಲು ಉದಾಹರಣೆಗಳೆಂದರೆ ಅವರಿಗೆ ಅಸಹ್ಯ. ಸಜೀವ ಉದಾಹರಣೆಗಳ ಅಕ್ಷಯಪಾತ್ರೆ ಮನೆಯಲ್ಲೇ ಇತ್ತು: ಹೆಂಡತಿ ಮುದ್ದಮ್ಮ. ಬೆಳಿಗ್ಗೆ ಆಕೆ ಅಡುಗೆಮನೆಯಲ್ಲಿ ಬೈದದ್ದು ಬೈಂಡು ಪುಸ್ತಕದಲ್ಲಿ ದಾಖಲಾಗಿ, ಸಂಜೆ ಇಂಗ್ಲಿಷ್ ವೇಷ ತೊಟ್ಟು ಕರಿಹಲಗೆಯ ಮೇಲೆ ವಿರಾಜಮಾನವಾಗುತ್ತಿತ್ತು. ಶಾಲೆಯಲ್ಲಿದ್ದ ಕಾಲವೂ ಸೇರಿ ಇಪ್ಪತ್ತೆರಡು ವರ್ಷ ಇದು ನಡೆಯಿತು, ಇಂಗ್ಲಿಷ್ ಬಾರದ ಆಕೆಗೆ ಸುಳಿವೇ ಇರಲಿಲ್ಲ.

ಒಂದು ಸಂಜೆ ರಕ್ಷಿತಾ ಎಂಬ ಶಿಷ್ಯೆ ನೀರು ಕುಡಿಯಲು ಒಳಗೆ ಹೋದವಳು ಅಕ್ಕರೆಯಿಂದಲೇ ಹೇಳಿಬಿಟ್ಟಳು: ‘ಆಂಟಿ, “ಮಹಾರಾಜ್ರೇ, ತುತ್ತು ಮಾಡಿ ಬಾಯಿಗಿಡ್ಲಾ” ಅಂತೀರಲ್ಲ, ಟೆಸ್ಟಲ್ಲಿ ಐರನಿಗೆ, ಅಂದ್ರೆ ವ್ಯಂಗ್ಯಕ್ಕೆ, ಅದನ್ನೇ ಬರೆದೆ, ಫುಲ್ ಮಾರ್ಕ್ಸ್.’

ಮುದ್ದಮ್ಮ ಒಲೆ ಆರಿಸಿದರು. ಅಂದಿನಿಂದ ಆಕೆಯ ಮಾತಿನಿಂದ ಅಲಂಕಾರವೆಂಬುದು ಮಾಯವಾಯಿತು. ‘ಅನ್ನ ಆಗಿದೆ. ಉಣ್ಣಿ.’ ‘ಕರೆಂಟ್ ಇಲ್ಲ.’ ಸಿಟ್ಟಿಲ್ಲ, ಸೆಡವಿಲ್ಲ. ಮನೆಯೇ ಒಂದು ಸರ್ಕಾರಿ ಸುತ್ತೋಲೆಯಂತಾಯಿತು. ಮೇಷ್ಟ್ರು ಹಾಸಿಗೆಯ ಮೇಲೆ ಒದ್ದೆ ಟವಲು ಎಸೆದು ನೋಡಿದರು, ಬೇಕೆಂದೇ ಬಿಳಿ ಹೊದಿಕೆಯ ಮೇಲೆ ಕಾಫಿ ಚೆಲ್ಲಿದರು. ‘ಕಾಫಿ ಚೆಲ್ಲಿದೆ,’ ಅಂದರು ಮುದ್ದಮ್ಮ. ಹದಿನೈದು ದಿನದಲ್ಲಿ ಮೇಷ್ಟ್ರಿಗೆ ಊಟ ರುಚಿಸದಾಯಿತು. ಈಕೆ ಇನ್ನು ಜನ್ಮದಲ್ಲಿ ನನ್ನೊಡನೆ ಮನಸು ಬಿಚ್ಚಿ ಮಾತಾಡುವುದಿಲ್ಲವೇನೋ ಎಂಬ ದಿಗಿಲು ಹತ್ತಿತು.

ಆಕೆಯ ದನಿಯನ್ನು ಹಾಳೆಯಲ್ಲಾದರೂ ಕೇಳೋಣವೆಂದು ಬೈಂಡು ಪುಸ್ತಕ ತೆರೆದರು. ‘ಬಚ್ಚಲ ನಲ್ಲಿ ರಾತ್ರಿಯೆಲ್ಲ ಅಳುತ್ತೆ’: ಪರ್ಸಾನಿಫಿಕೇಷನ್, ಜಡಕ್ಕೆ ಜೀವ. ಹನ್ನೊಂದು ವರ್ಷದ ಹಿಂದಿನ ತಾರೀಖು. ನಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು. ‘ಅಕ್ಕನ ಮುಖ ನೋಡಿ ಒಂದು ಯುಗ ಆಯ್ತು’: ಹೈಪರ್ಬೊಲಿ. ಅಕ್ಕ ಇರುವುದು ನಂಜನಗೂಡಿನಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಪುಟ ತಿರುವಿದರು. ‘ನಿಮ್ಮ ಜೊತೆ ಇದ್ದೂ ಒಬ್ಬಳೇ ಇದೀನಿ’: ಪ್ಯಾರಡಾಕ್ಸ್, ವಿರೋಧಾಭಾಸ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ತಮ್ಮದೇ ದುಂಡಗಿನ ಅಕ್ಷರ: ‘ಅತ್ಯುತ್ತಮ ಉದಾಹರಣೆ.’

ಮೇಷ್ಟ್ರಿಗೆ ನಾಚಿಕೆಯಾಯಿತು. ಮರುದಿನ ಪ್ಲಂಬರನ ಬೆನ್ನು ಹತ್ತಿ ನಲ್ಲಿ ಬದಲಾಯಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ನಂಜನಗೂಡಿಗೆ ಹೋಗಿ ಬರೋಣ್ವಾ, ಮುದ್ದಮ್ಮ?’ ಅಂದರು.

ಆಕೆ ಅಡಿಯಿಂದ ಮುಡಿವರೆಗೆ ನೋಡಿ, ‘ಇವತ್ತು ಸೂರ್ಯ ಯಾವ್ ಕಡೆ ಹುಟ್ಟಿದ್ದ?’ ಅಂದರು. ಮೇಷ್ಟ್ರ ನಾಲಗೆ ತುದಿಗೆ ಆ ಅಲಂಕಾರದ ಹೆಸರು ಬಂದೇಬಂತು. ನುಂಗಿಕೊಂಡು, ‘ತಡವಾಯ್ತು ಕಣೆ,’ ಅಂದರು.

ಇಂಥ ಪಂಡಿತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೆಟ್ಟವರೇನಲ್ಲ, ಒಂದಕ್ಷರವೂ ತಪ್ಪದಂತೆ ಕೇಳಿಸಿಕೊಳ್ಳುತ್ತಾರೆ, ಹೇಳಿದ ಸೊಗಸಿಗೆ ತಲೆದೂಗಿ ಪೂರ್ಣಾಂಕವನ್ನೂ ಕೊಡುತ್ತಾರೆ. ಆ ಮಾತು ತಾವೇ ಉತ್ತರಿಸಬೇಕಾದ ಪ್ರಶ್ನೆಯೆಂಬುದು ಮಾತ್ರ ಅವರಿಗೆ ಹೊಳೆಯುವುದಿಲ್ಲ.