ಚೂಪು ತುದಿಯ ಬಿರುಕು

ವಿಜ್ಞಾನ ಸಂಗ್ರಹಾಲಯದ ಮೂರನೆಯ ಅಂತಸ್ತು ಹತ್ತುವಷ್ಟರಲ್ಲಿ ಅಣ್ಣ ಗುರುತ್ವಾಕರ್ಷಣೆ, ಮಿಂಚು, ಮನುಷ್ಯನ ಕರುಳು ಎಲ್ಲವನ್ನೂ ಮಕ್ಕಳಿಗೆ ಅರೆದು ಕುಡಿಸಿದ್ದ. ಪ್ರತಿ ಪಾಠದ ಬಾಲಕ್ಕೂ ಒಂದು ನೀತಿ. ಲೋಲಕ ಕೂಡ ಅವನ ಬಾಯಲ್ಲಿ ಶಿಸ್ತಿನ ವಿದ್ಯಾರ್ಥಿಯಾಗಿಬಿಟ್ಟಿತ್ತು. ಟ್ಯೂಷನ್ ಮೇಷ್ಟರ ಬಾಯಿಗೆ ಭಾನುವಾರವೂ ರಜೆಯಿಲ್ಲ. ಅವನ ಅವಳಿ ಗಂಡುಮಕ್ಕಳು ಆಕಳಿಸುತ್ತಿದ್ದರು. ಅತ್ತಿಗೆ ಅದನ್ನೂ ಫೋಟೊ ತೆಗೆಯುತ್ತಿದ್ದಳು. ಹಿಂದೆ ಬರುತ್ತಿದ್ದ ತಮ್ಮ, ಇವನನ್ನೇ ಒಂದು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ಕೆಳಗೆ ಚೀಟಿ ಅಂಟಿಸಬಾರದೇ ಎಂದುಕೊಂಡ.

ಮೇಲೆ ಮೊಟ್ಟೆಗಳಿದ್ದವು. ಬೆಚ್ಚನೆಯ ದೀಪದಡಿ ಮೂವತ್ತು ಮೊಟ್ಟೆ, ಸುತ್ತ ಜನ.

"ಮರಿ ಯಾವ ಕ್ಷಣದಲ್ಲಿ ಬರುತ್ತೋ ಯಾರಿಗೂ ಗೊತ್ತಿಲ್ಲ! ಅದೇ ಪ್ರಕೃತಿಯ ವಿಸ್ಮಯ!" ಎಂದು ಗೈಡ್ ಮೈಕಿನಲ್ಲಿ ಉಸುರಿದಳು.

ತಮ್ಮನಿಗೆ ನಗು ಬಂತು. ಹನ್ನೊಂದು ವರ್ಷದಿಂದ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಹ್ಯಾಚರಿಯಲ್ಲಿದ್ದವನು. ಈ ವಿಸ್ಮಯವನ್ನು ಗುರುವಾರ, ಕಾವಿನ ಹದಿನೆಂಟನೆಯ ದಿನಕ್ಕೆ, ಯಂತ್ರದಿಂದ ತೆಗೆದು ಪ್ಯಾಕ್ ಮಾಡಿ ಕಳಿಸಿದವನು ಅವನೇ. ಮರಿಯೊಡೆಯುವ ಇಪ್ಪತ್ತೊಂದನೆಯ ದಿನ ಭಾನುವಾರವೇ ಬೀಳಬೇಕು. ಜನ ಬರುವುದು ಅವತ್ತೇ.

"ಅಪ್ಪಾ, ಅದು ನನ್ ಮೊಟ್ಟೆ," ಎಂದಳು ಅವನ ಆರು ವರ್ಷದ ಮಗಳು, ಗಾಜಿಗೆ ಮೂಗು ಒತ್ತಿ. "ಮರಿ ಬರೋವರೆಗೂ ನಾನು ಇಲ್ಲಿಂದ ಬರಲ್ಲ." ಅಪ್ಪನ ಕೆಲಸದ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಇಷ್ಟೇ, ಅಪ್ಪ ಕೋಳಿಮರಿ ನೋಡಿಕೊಳ್ಳುತ್ತಾನೆ.

ಅವನು ಬಗ್ಗಿ ನೋಡಿದ. ಬಿರುಕು ಬಿಟ್ಟಿದ್ದು ಗಾಳಿಯಿರುವ ಅಗಲ ತುದಿಯಲ್ಲಲ್ಲ, ಚೂಪು ತುದಿಯಲ್ಲಿ. ಒಳಗೆ ಮರಿ ತಲೆಕೆಳಗು. ಇಂಥವು ಹೆಚ್ಚಾಗಿ ಒಳಗೇ ಸಾಯುತ್ತವೆ. ಹ್ಯಾಚರಿಯಲ್ಲಾದರೆ ಚಿಪ್ಪಿನ ಜೊತೆ ಕಸಕ್ಕೆ.

ಒಂದು ಗಂಟೆ ಕಳೆಯಿತು. ಅಕ್ಕಪಕ್ಕದವು ಒಡೆದವು, ಮಗಳದು ಮಾತ್ರ ಇದ್ದಲ್ಲೇ ಇತ್ತು. ಅವಳು ಊಟಕ್ಕೂ ಕದಲಲಿಲ್ಲ.

"ನೋಡ್ರೋ," ಅಣ್ಣ ಶುರುಮಾಡಿದ, "ಕಷ್ಟಪಟ್ಟವರಿಗೆ ಫಲ ಸಿಕ್ಕೇ ಸಿಗುತ್ತೆ. ಇದೂ ಬಂದೇ ಬರುತ್ತೆ."

"ಬರಲ್ಲ," ಎಂದ ತಮ್ಮ. "ತಲೆಕೆಳಗಾಗಿದೆ ಅದು. ಮಗೂಗ್ಯಾಕೆ ಸುಳ್ಳು ಹೇಳ್ತೀಯ?"

ಮಗಳ ಕೆಳತುಟಿ ನಡುಗಿತು.

"ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟಂಗೇ ಒಂದು ದಾರಿ! ಮಕ್ಕಳ ಮುಂದೆ ಆಡೋ ಮಾತೇನೋ ಇದು?" ಅಣ್ಣ ಗದರಿದ.

"ಶುರುವಾಯ್ತಲ್ಲ, ಮೊಸರಲ್ಲಿ ಕಲ್ಲು ಹುಡುಕೋದು," ಎಂದಳು ತಮ್ಮನ ಹೆಂಡತಿ.

ಅವನು ಗೈಡ್ ಕಡೆ ತಿರುಗಿದ. "ಮುಚ್ಚಳ ತೆಗೀಮ್ಮ."

"ಮುಟ್ಟೋ ಹಾಗಿಲ್ಲ ಸರ್."

"ಹ್ಯಾಚರಿಯಿಂದ ಇವನ್ನ ಕಳಿಸಿದ್ದೇ ನಾನು. ತೆಗಿ."

ಹನ್ನೊಂದು ವರ್ಷದಲ್ಲಿ ಒಂದು ಮರಿಗೂ ಮಾಡದಿದ್ದದ್ದನ್ನು ಅವನು ಮಾಡಿದ. ಹೆಬ್ಬೆರಳ ಉಗುರಿನಿಂದ ಚಿಪ್ಪನ್ನು ಚೂರುಚೂರೇ ಬಿಡಿಸಿದ, ರಕ್ತದ ಎಳೆ ಕಂಡಲ್ಲಿ ತಡೆದು ಮತ್ತೆ ಬಿಡಿಸಿದ. ಒದ್ದೆ ಮುದ್ದೆಯೊಂದು ಅಂಗೈಗೆ ಜಾರಿ ಚಿಂವ್ ಎಂದಿತು. ಜನ ಚಪ್ಪಾಳೆ ತಟ್ಟಿದರು.

"ನಾನು ಹೇಳ್ಲಿಲ್ವಾ? ಪ್ರಯತ್ನ!" ಎಂದ ಅಣ್ಣ ಅವಳಿಗಳಿಗೆ. ನಾಚಿಕೆ ಅನ್ನುವ ವಿಷಯಕ್ಕೆ ಎಲ್ಲೂ ಟ್ಯೂಷನ್ ಇಲ್ಲವಲ್ಲ.

ದೀಪದಡಿ ಮರಿ ಒಣಗತೊಡಗಿತು. ಹಳದಿ. ಈ ತಳಿಯಲ್ಲಿ ಕಂದು ಬಣ್ಣದವು ಹೆಣ್ಣು, ಹಳದಿಯವು ಗಂಡು. ಮೊಟ್ಟೆಯಿಡದ ಗಂಡಿಗೆ ಮೇವು ದಂಡ. ಕಂದು ಬಲಗಡೆಯ ಬುಟ್ಟಿಗೆ, ಹಳದಿ ಎಡಗಡೆಯ ಅರೆಯುವ ಯಂತ್ರಕ್ಕೆ. ದಿನಾ ಬೆಳಗ್ಗೆ ಅವನು ಮೇಜಿನ ಮುಂದೆ ನಿಂತು ಮಾಡುತ್ತಿದ್ದದ್ದು ಅದನ್ನೇ.

"ನಾಳೆ ಇದು ಎಲ್ಲಿಗೆ ಹೋಗುತ್ತೆ ಅಕ್ಕಾ?" ಮಗಳು ಗೈಡನ್ನು ಕೇಳಿದಳು.

"ಎಲ್ಲಾ ನಿಮ್ಮಪ್ಪನ ಹತ್ರಾನೇ ವಾಪಸ್ ಹೋಗ್ತವೆ ಪುಟ್ಟಿ."

"ಮನೆಗೆ ಮಾತ್ರ ಬೇಡ," ಹೆಂಡತಿ ಕೂಡಲೇ ಎಂದಳು. "ಬಾಡಿಗೆ ಮನೇಲಿ ಕೋಳಿನಾ?"

ಮಗಳ ಮುಖ ಅರಳಿತ್ತು. "ನೀನೇ ನೋಡ್ಕೋತೀಯಾ ಅಪ್ಪಾ? ಇದು ದೊಡ್ಡದಾಗುತ್ತಾ?"

ಅವನ ಹೆಬ್ಬೆರಳಿಗೆ ಇನ್ನೂ ಚಿಪ್ಪಿನ ಚೂರು ಅಂಟಿಕೊಂಡಿತ್ತು.

"ಹೂಂ ಪುಟ್ಟಿ. ದೊಡ್ಡದಾಗೇ ಆಗುತ್ತೆ. ದಿನಾ ಕಾಳು ಹಾಕ್ತೀನಿ."

ಆ ರಾಗ ಥೇಟ್ ಅಣ್ಣನದೇ. ಅಣ್ಣ ಬಂದು ಅವನ ಬೆನ್ನು ತಟ್ಟಿದ.

"ಈಗ ನೋಡು, ಮನುಷ್ಯನ ಹಾಗೆ ಮಾತಾಡ್ದೆ."